ಹೊಲ ಉಳಿಯಬೇಕಾದರೆ ಮನೆಗೆ ಹಟದ ಬೆಲೆ ಹೇಳಬೇಡಿ

ಹೋದ ತಿಂಗಳು ನಮ್ಮ ಓಣಿಯಲ್ಲಿ ಮತ್ತೊಂದು ಮನೆಯ ಗೋಡೆ ಮೇಲೆ 'ಈ ಮನೆ ಮಾರುವುದಿದೆ' ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದಾರೆ. ಕೆಳಗೆ ಮೊಬೈಲ್ ನಂಬರು. ಕಲಾದಗಿಯಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಇಂಥ ಗೋಡೆಗಳು ಈಗ ಸಾಕಷ್ಟಿವೆ. ಕೆಲವು ಕಡೆ ಬರೆದದ್ದು ಬಿಸಿಲಿಗೆ ಮಾಸಿ ಹೋಗಿದೆ, ಮನೆ ಮಾತ್ರ ಹಾಗೇ ನಿಂತಿದೆ. ಮನೆಯ ಯಜಮಾನರು ಸಿಕ್ಕಾಗ "ಎಷ್ಟಕ್ಕ ಹೇಳೀರಿ ಕಾಕಾ?" ಎಂದು ಕೇಳಿದೆ. "ಹನ್ನೆರಡು ಲಕ್ಷ. ಒಂದು ರೂಪಾಯಿ ಕಮ್ಮಿ ಆದ್ರೂ ಕೊಡೂದಿಲ್ಲ" ಎಂದರು. 2016ರಲ್ಲಿ ನಾನು ಆಡಿದ ಮಾತೂ ಇದೇ. ಅಂಕಿ ಮಾತ್ರ ಬೇರೆ. ಅದಕ್ಕೇ ಇದನ್ನು ಬರೆಯಲು ಕುಳಿತೆ.

ನಾನು ಒಣಬೇಸಾಯದವ. ಏಳನೇ ಇಯತ್ತೆ ತನಕ ಓದಿದವ. ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ನನ್ನ ಬೆಳೆ. ಮನೆ ಮಾರುವ ಸುದ್ದಿ ಕೃಷಿ ಪತ್ರಿಕೆಗೆ ಯಾಕೆ ಎಂದು ಕೆಲವರು ಕೇಳಬಹುದು. ನಮ್ಮಂಥವರ ಹತ್ತಿರ ಮಾರಲಿಕ್ಕೆ ಇರುವುದು ಎರಡೇ, ಮನೆ ಮತ್ತು ಹೊಲ. ಮನೆ ಮಾರಾಟ ಆಗದೆ ಹೋದಾಗ ಹೊಲ ಮಾರಾಟವಾಗುತ್ತದೆ. ನನಗೆ ಹಾಗೇ ಆಯಿತು. ಉಳಿದವರಿಗೆ ಆಗಬಾರದು.

ಒಂಬತ್ತು ಲಕ್ಷ ಎಲ್ಲಿಂದ ಬಂತು?

ಅದು ನಮ್ಮಪ್ಪ ಕಟ್ಟಿಸಿದ ಮನೆ. ಎಂಟು ಅಂಕಣ, ಕಲ್ಲು-ಮಣ್ಣಿನ ಗೋಡೆ, ತೊಲೆ-ಜಂತೆಯ ಮೇಲೆ ಮಣ್ಣಿನ ಮಾಳಿಗೆ. ಅಗಲ 30 ಅಡಿ, ಉದ್ದ 55 ಅಡಿ. ಒಳಗೆ ಬಂದ ಕೂಡಲೇ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರಕ್ಕೆ ಪಡಸಾಲೆ, ಹಿಂದೆ ಅಡಿಗೆ ಮನೆ, ದೇವರ ಕೋಣೆ, ಅಂಗಳದಲ್ಲಿ ಜೋಳದ ಹಗೇವು. ತಲೆಬಾಗಿಲ ಚೌಕಟ್ಟನ್ನು ಅಪ್ಪ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಆರಿಸಿ ಕೊಂಡು, ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದ. ಆ ಜಾತ್ರೆಯಲ್ಲಿ ಬಾಗಿಲು, ಚೌಕಟ್ಟು ಮಾರಾಟಕ್ಕೆ ಬರುವುದು ನಮ್ಮ ಭಾಗದವರಿಗೆಲ್ಲ ಗೊತ್ತು. ನಾವು ಹೊಲದಲ್ಲೇ ಮನೆ ಕಟ್ಟಿಕೊಂಡು 2011ರಲ್ಲಿ ಅಲ್ಲಿಗೆ ಹೋದೆವು. ಊರ ಮನೆಗೆ ಬೀಗ ಬಿತ್ತು.

ಮುಂದೆ ಎರಡು ಬೋರು ಕೊರೆಸಿದೆ. ಎರಡರಲ್ಲೂ ಬರೀ ಧೂಳು. 3 ಲಕ್ಷ ಕೈಸಾಲ ತಲೆ ಮೇಲೆ ಬಂತು. ಬಡ್ಡಿ ನೂರಕ್ಕೆ ತಿಂಗಳಿಗೆ 2 ರೂಪಾಯಿ. 2016ರಲ್ಲಿ ಊರ ಮನೆ ಮಾರಿ ಸಾಲ ಹರಿಯಬೇಕು ಎಂದು ನಿಶ್ಚಯ ಮಾಡಿದೆ. ಬೆಲೆ 9 ಲಕ್ಷ ಎಂದೆ.

ಈ 9 ಲಕ್ಷ ನಾನು ಹೇಗೆ ಕಟ್ಟಿದೆ ಎಂದು ಈಗ ನೆನೆದರೆ ನಗು ಬರುತ್ತದೆ. ಸಾಲಕ್ಕೆ 3 ಲಕ್ಷ. ಮಗಳ ಮದುವೆಗೆ 2 ಲಕ್ಷ. ಒಂದು ಜೋಡಿ ಎತ್ತು ಮತ್ತು ಹೊಲದ ಬದುವಿಗೆ ಒಂದು ಲಕ್ಷ. ಮಗನಿಗೆ ಏನಾದರೂ ಅಂಗಡಿ ಹಾಕಿಕೊಡಲು 2 ಲಕ್ಷ. ಅಪ್ಪನ ಕಷ್ಟದ ಬೆಲೆ ಎಂದು ಒಂದು ಲಕ್ಷ. ಕೂಡಿಸಿದರೆ 9. ಇದರಲ್ಲಿ ಮನೆಯ ಬೆಲೆ ಎಲ್ಲೂ ಇಲ್ಲ. ಇದ್ದದ್ದು ನನಗೆ ಬೇಕಾದ ರೊಕ್ಕದ ಲೆಕ್ಕ. ನನಗೆ ಎಷ್ಟು ಬೇಕು ಎಂಬುದು ಕೊಳ್ಳುವವನಿಗೆ ಸಂಬಂಧ ಇಲ್ಲದ ಮಾತು.

ಜೋಳದ ಚೀಲ ಹೇರಿಕೊಂಡು ಪೇಟೆಗೆ ಹೋದಾಗ ನಾವು ಹೀಗೆ ಮಾಡುತ್ತೇವೆಯೇ? ಮಗಳ ಮದುವೆ ಇದೆ, ಕ್ವಿಂಟಾಲಿಗೆ ಇಷ್ಟು ಕೊಡಿ ಎಂದರೆ ಅಡತಿಯವರು ಕೇಳುತ್ತಾರೆಯೇ? ಅಂದಿನ ದರ ಎಷ್ಟು ನಡೆದಿದೆ ಎಂದು ನಾಲ್ಕು ಕಡೆ ವಿಚಾರಿಸುತ್ತೇವೆ. ಜೋಳಕ್ಕಾದರೆ ಸರಕಾರದ ಬೆಂಬಲ ಬೆಲೆ ಎಂದಾದರೂ ಒಂದಿದೆ. ಮನೆಗೆ ಅದೂ ಇಲ್ಲ.

ಕಳೆದುಕೊಂಡ ಮೊದಲ ಗಿರಾಕಿ

ಬೆಲೆ ಹೇಳಿದ ಎರಡನೇ ತಿಂಗಳಲ್ಲೇ ಒಬ್ಬ ಮಾಸ್ತರರು ಬಂದರು. ನೋಡಿದರು, ಅಳೆದರು, 6 ಲಕ್ಷ 50 ಸಾವಿರಕ್ಕೆ ಕೇಳಿದರು. ಜೊತೆಗೆ ಉತಾರ ತೋರಿಸಿ, ಅಕ್ಕ-ತಂಗಿಯರ ಸಹಿ ಆಗುತ್ತದೆಯೇ ಎಂದು ಕೇಳಿದರು. ನನಗೆ ಸಿಟ್ಟು ಬಂತು. "ಇಷ್ಟಕ್ಕ ಕೊಡೂದ್ಕಿಂತ ಇದರಾಗ ದನ ಕಟ್ಟತೀನಿ ಸರ" ಎಂದೆ. ಅವರು ಚಹಾ ಕುಡಿದು ಹೋದರು. ಬೇರೆ ಓಣಿಯಲ್ಲಿ ಮನೆ ತೆಗೆದುಕೊಂಡರು.

ಆಮೇಲೆ ಬಂದವರು 6 ಎಂದರು, 5 ಎಂದರು. ಮೂರನೇ ವರ್ಷ ಯಾರೂ ಬರಲಿಲ್ಲ. ಬಹಳ ದಿನ ಮಾರದ ಮನೆಗೆ ಹೆಸರು ಕೆಡುತ್ತದೆ. ಎತ್ತಿನ ಪೇಟೆಯಲ್ಲೂ ಹೀಗೇ ಅಲ್ಲವೇ? ಮೊದಲ ಜಾತ್ರೆಯಲ್ಲಿ ಮಾರದ ಎತ್ತನ್ನು ಎರಡನೇ ಜಾತ್ರೆಗೆ ಹೊಡೆದುಕೊಂಡು ಹೋದರೆ, "ಇದು ಯಾಕ ಉಳೀತು? ಹಾಯತೈತೇನು? ಮಲಗತೈತೇನು?" ಎಂದು ಕೇಳುತ್ತಾರೆ. ಎತ್ತು ಅದೇ ಎತ್ತು. ನನ್ನ ಮನೆಗೂ ಓಣಿಯಲ್ಲಿ 'ಆ ಮನಿ ಬರಕತ್ತಿಲ್ಲ' ಎಂಬ ಮಾತು ಹುಟ್ಟಿತು. ಅಪ್ಪ ಎಂಬತ್ತು ವರ್ಷ ಬಾಳಿ ಆ ಮನೆಯಲ್ಲೇ ಕಣ್ಣು ಮುಚ್ಚಿದ. ಬರಕತ್ತಿಲ್ಲದ ಮನೆ ಹೇಗಾದೀತು? ಆದರೆ ಆ ಮಾತು ಹುಟ್ಟಲಿಕ್ಕೆ ನಾನು ಹೇಳಿದ ಬೆಲೆಯೇ ಕಾರಣ.

ನಡುವೆ ಒಬ್ಬ ದಲ್ಲಾಳಿಗೂ ಹೇಳಿದ್ದೆ. "ನಿನಗ 9 ಕೊಡಸ್ತೀನಿ, ಮ್ಯಾಲಿಂದು ನಂದು" ಎಂದ. ಅವನು ಗಿರಾಕಿಗಳಿಗೆ 10 ಹೇಳಿದ. ಮೊದಲೇ ಭಾರ ಆಗಿದ್ದ ಬೆಲೆ ಮೇಲೆ ಇನ್ನೊಂದು ಲಕ್ಷ. ದಲ್ಲಾಳಿ ಬೇಕಾದರೆ ನೂರಕ್ಕೆ ಇಷ್ಟು ಎಂದು ಮೊದಲೇ ಮಾತು ಮುಗಿಸಬೇಕು. 'ಮೇಲಿನದು ನಿನ್ನದು' ಎಂಬ ವ್ಯವಹಾರ ಮಾಡಬಾರದು. ಎತ್ತಿನ ಪೇಟೆಯಂತೆ ವಸ್ತ್ರದ ಒಳಗೆ ಕೈ ಇಟ್ಟು ಬೆರಳು ಹಿಡಿಯುವ ವ್ಯಾಪಾರ ಮನೆಗೆ ಬರುವುದಿಲ್ಲ.

ಬಡ್ಡಿ ಮಾತ್ರ ನಿಲ್ಲಲಿಲ್ಲ. ತಿಂಗಳಿಗೆ 6 ಸಾವಿರ, ವರ್ಷಕ್ಕೆ 72 ಸಾವಿರ. ಮೂರು ವರ್ಷಕ್ಕೆ 2 ಲಕ್ಷ 16 ಸಾವಿರ. ಅಸಲು ಸೇರಿ 5 ಲಕ್ಷ 16 ಸಾವಿರ ಆಯಿತು. 2019ರ ಬೇಸಿಗೆಯಲ್ಲಿ ಸಾಲ ಕೊಟ್ಟವರು ಮನೆ ಮುಂದೆ ಬಂದು ಕುಳಿತರು. ಒಂದು ಎಕರೆ ಎರೆ ಹೊಲ 5 ಲಕ್ಷ 25 ಸಾವಿರಕ್ಕೆ ಕೊಟ್ಟೆ. ಹೊಲ ಮಾರಲು ನನಗೆ ಹಿಡಿದದ್ದು ಹನ್ನೊಂದು ದಿವಸ. ಮನೆ ಮೂರು ವರ್ಷ ಹೋಗಲಿಲ್ಲ. 2020ರಲ್ಲಿ ರಾಜ್ಯದ ಭೂಸುಧಾರಣೆ ಕಾನೂನು ತಿದ್ದುಪಡಿಯಾಗಿ ರೈತರಲ್ಲದವರೂ ಹೊಲ ಕೊಳ್ಳಬಹುದು ಎಂದಾದ ಮೇಲಂತೂ ಹೊಲಕ್ಕೆ ಗಿರಾಕಿ ಇನ್ನೂ ಹೆಚ್ಚಾದರು. ಹೊಲ ಬೇಗ ಹೋಗುತ್ತದೆ ಎಂಬುದೇ ನಮಗೆ ದೊಡ್ಡ ಅಪಾಯ.

ಅದೇ ವರ್ಷ ಆಗಸ್ಟಿನಲ್ಲಿ ಘಟಪ್ರಭೆಗೆ ದೊಡ್ಡ ನೆರೆ ಬಂತು. ನೀರು ನಮ್ಮ ಓಣಿಗೆ ಬರಲಿಲ್ಲ. ಆದರೆ ಬಿಟ್ಟೂಬಿಡದೆ ಹಿಡಿದ ಮಳೆಗೆ ಬೀಗ ಹಾಕಿದ್ದ ಮನೆಯ ಹಿತ್ತಲ ಗೋಡೆ ಬಿತ್ತು. ಮಾಳಿಗೆ ಎರಡು ಕಡೆ ಸೋರಿತು. 2020ರಲ್ಲಿ ಒಬ್ಬರು 4 ಲಕ್ಷಕ್ಕೆ ಕೇಳಿದರು. ಈ ಸಲ ನನಗೆ ಸಿಟ್ಟು ಬರಲಿಲ್ಲ.

ನಡೆದ ಬೆಲೆ ವಿಚಾರಿಸಿ

ನನ್ನ ಅಳಿಯ ಒಂದು ದಿವಸ "ಮಾವಾರ, ನೀವು ಹೇಳೂ ಬೆಲಿ ಬ್ಯಾಡ, ಮಂದಿ ಹೇಳೂ ಬೆಲೀನೂ ಬ್ಯಾಡ. ಕೊಟ್ಟು ತಗೊಂಡವರನ್ನ ಕೇಳೋಣು" ಎಂದ. ಇದೊಂದು ಮಾತು ನನ್ನ ಕಣ್ಣು ತೆರೆಸಿತು. ಎರಡು ವರ್ಷದೊಳಗೆ ಆಜೂಬಾಜೂ ಓಣಿಗಳಲ್ಲಿ ಮಾರಾಟವಾದ ಮೂರು ಮನೆಗಳನ್ನು ಹುಡುಕಿದೆವು. ಮಾರಿದವರನ್ನೂ ಕೊಂಡವರನ್ನೂ ಬೇರೆ ಬೇರೆ ಕಂಡೆವು. ಖರೀದಿ ಪತ್ರದಲ್ಲಿ ಬರೆದದ್ದು ಒಂದು, ಕೈಯಿಂದ ಕೈಗೆ ಹೋದದ್ದು ಇನ್ನೊಂದು ಇರುವುದುಂಟು. ಅದು ಸರಿಯಾದ ರೀತಿ ಅಲ್ಲ. ಆದರೂ ನಮಗೆ ತಿಳಿಯಬೇಕಾದದ್ದು ನಿಜವಾದ ಬೆಲೆ.

ನಮ್ಮಷ್ಟೇ ಜಾಗದ ಒಂದು ಮನೆ, ಪಾಯಖಾನೆ ಇಲ್ಲ, 4 ಲಕ್ಷ 80 ಸಾವಿರ. ಸ್ವಲ್ಪ ಸಣ್ಣದು, ಮುಂದಿನ ಎರಡು ಕೋಣೆಗೆ ಆರ್‌ಸಿಸಿ ಇದ್ದದ್ದು, 5 ಲಕ್ಷ 25 ಸಾವಿರ. ದೊಡ್ಡ ರಸ್ತೆಗೆ ಹೊಂದಿದ್ದು, 6 ಲಕ್ಷ 10 ಸಾವಿರ. ಈ ಮೂರನ್ನು ಪಕ್ಕದಲ್ಲಿ ಇಟ್ಟುಕೊಂಡರೆ ನನ್ನ ಮನೆಯ ಬೆಲೆ ತಾನೇ ಕಾಣಿಸಿತು. ರಿಪೇರಿ ಮಾಡಿಸಿದರೆ 5 ಲಕ್ಷ 50 ಸಾವಿರದ ಆಜೂಬಾಜೂ. ಹೇಳುವ ಬೆಲೆ 5 ಲಕ್ಷ 90 ಸಾವಿರ, ಬಿಡುವ ಬೆಲೆ 5 ಲಕ್ಷ 50 ಸಾವಿರ ಎಂದು ಮನೆಯವರೆಲ್ಲ ಕುಳಿತು ನಿಶ್ಚಯ ಮಾಡಿದೆವು. ಮಾತಾಡುವವ ಒಬ್ಬನೇ, ನಾನು. ಹೆಂಡತಿ ಒಂದು, ಮಗ ಒಂದು ಹೇಳಿದರೆ ಗಿರಾಕಿ ಕಡಿಮೆಯದನ್ನೇ ಹಿಡಿಯುತ್ತಾನೆ.

ತೀರ ಹೆಚ್ಚು ಹೇಳಿ ಆಮೇಲೆ ಇಳಿಸಿದರಾಯಿತು ಎಂಬ ಮಾತು ಕೆಲವರು ಹೇಳುತ್ತಾರೆ. ಸ್ವಲ್ಪ ಚೌಕಾಸಿಗೆ ಜಾಗ ಇರಬೇಕು, ಒಪ್ಪುತ್ತೇನೆ. ಆದರೆ 6ರ ಮನೆಗೆ 9 ಹೇಳಿದರೆ, 6 ಕೊಡುವವ ಚೌಕಾಸಿಗೂ ಬರುವುದಿಲ್ಲ. ಬಾಗಿಲ ತನಕ ಬಂದವನ ಜೊತೆ ಮಾತಾಡಬಹುದು. ಬರದೇ ಇದ್ದವನ ಜೊತೆ ಹೇಗೆ ಮಾತಾಡುವುದು?

ರೊಕ್ಕ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಎತ್ತನ್ನು ಪೇಟೆಗೆ ಒಯ್ಯುವ ಮುಂಚೆ ಮೈ ತೊಳೆಯುತ್ತೇವೆ, ಕೋಡಿಗೆ ಬಣ್ಣ ಹಚ್ಚುತ್ತೇವೆ. ಆದರೆ ತಿಳಿದ ಗಿರಾಕಿ ಬಣ್ಣ ನೋಡುವುದಿಲ್ಲ. ಬಾಯಿ ತೆರೆದು ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಮನೆಯಲ್ಲೂ ಹಲ್ಲು ಯಾವುದು ಎಂದು ತಿಳಿದು ಅಲ್ಲಿ ರೊಕ್ಕ ಹಾಕಬೇಕು.

ನಾನು ಹಾಕಿದ್ದು ಇಷ್ಟು. ಬಿದ್ದ ಗೋಡೆಯ ಕಲ್ಲನ್ನೇ ಬಳಸಿ ಮತ್ತೆ ಕಟ್ಟಿಸಿದ್ದಕ್ಕೆ 16 ಸಾವಿರ. ಮಾಳಿಗೆಯ ಹಳೆ ಮಣ್ಣು ತೆಗೆಸಿ, ಹೊಸ ಮಣ್ಣು ಹಾಕಿ, ನೀರು ಹರಿಯುವ ಇಳಿಜಾರು ಮಾಡಿಸಿದ್ದಕ್ಕೆ 9 ಸಾವಿರ. ಪಾಯಖಾನೆ ಮತ್ತು ಬಚ್ಚಲಿಗೆ 18 ಸಾವಿರ. ಸುಣ್ಣ, ಬಾಗಿಲಿಗೆ ಎಣ್ಣೆ, ಕೆಟ್ಟ ವಾಯರ್ ಬದಲಿಗೆ 5 ಸಾವಿರ. ಒಟ್ಟು 48 ಸಾವಿರ. 4 ಲಕ್ಷಕ್ಕೆ ಕೇಳಿದ್ದ ಮನೆ ಕೊನೆಗೆ 5 ಲಕ್ಷ 60 ಸಾವಿರಕ್ಕೆ ಹೋಯಿತು. ಖರ್ಚು ಕಳೆದು 1 ಲಕ್ಷ 12 ಸಾವಿರ ಹೆಚ್ಚು ಬಂತು.

ಪಾಯಖಾನೆಯ ಮಾತು ನನ್ನ ಹೆಂಡತಿಯದು. "ಗಂಡಸ್ರು ತೊಲಿ ನೋಡತೀರಿ. ಮನಿ ಬೇಕು ಬ್ಯಾಡ ಅನ್ನೂದು ಹೆಣಮಕ್ಕಳು. ಅವರು ಬಚ್ಚಲ ನೋಡತಾರ, ನೀರು ಎಲ್ಲೈತಿ ನೋಡತಾರ" ಎಂದಳು. ಹಾಗೇ ಆಯಿತು. ಕೊಂಡವರ ಮನೆಯ ಹೆಣ್ಣುಮಕ್ಕಳು ಮೊದಲು ಹಿತ್ತಲಿಗೇ ಹೋದರು.

ಆದರೆ ಬೇಡದ ಕಡೆ ರೊಕ್ಕ ಸುರಿಯಬಾರದು. ನನ್ನ ಬೀಗರೊಬ್ಬರು ಮಾರುವ ಮುಂಚೆ ನೆಲಕ್ಕೆಲ್ಲ ಟೈಲ್ಸ್ ಹಾಕಿಸಿದರು. ಕೊಂಡವ ಒಂದು ರೂಪಾಯಿ ಹೆಚ್ಚು ಕೊಡಲಿಲ್ಲ. ಅವನಿಗೆ ಬೇರೆ ಬಣ್ಣ ಬೇಕಿತ್ತಂತೆ. ಸೋರುವುದನ್ನು ನಿಲ್ಲಿಸಿ, ಬೀಳುವುದನ್ನು ಎತ್ತಿ ನಿಲ್ಲಿಸಿ, ಬಚ್ಚಲು ಸರಿ ಮಾಡಿ. ಚಂದ ಮಾಡುವ ಕೆಲಸ ಕೊಂಡವರಿಗೆ ಬಿಡಿ.

ಕಾಸಿಲ್ಲದ ಕೆಲಸ ಇನ್ನೂ ಹೆಚ್ಚಿನದು. ನಮ್ಮ ಪಡಸಾಲೆಯಲ್ಲಿ ಮುರಿದ ಕೂರಿಗೆ, ಹಳೇ ಚೀಲ, ಕೆಟ್ಟ ಪಂಪು, ಔಷಧಿ ಡಬ್ಬಿ, ಹೊಟ್ಟಿನ ಮೂಟೆ ತುಂಬಿ ಕಾಲಿಡಲು ಜಾಗ ಇರಲಿಲ್ಲ. ದನದ ಜಾಗದಲ್ಲಿ ಪಕ್ಕದ ಮನೆಯವರು ಕುಳ್ಳು ಒಟ್ಟಿದ್ದರು. ಎಲ್ಲ ತೆಗೆದು ಕಸ ಹೊಡೆದು, ಮುಚ್ಚಿದ್ದ ಬೆಳಕಿಂಡಿ ತೆರೆದ ಮೇಲೆ "ಇಷ್ಟು ದೊಡ್ಡ ಮನಿ ಏನು ನಮ್ದು?" ಎಂದು ನಮಗೇ ಅನಿಸಿತು. ತೋರಿಸುವಾಗ ಬೆಳಗಿನ ಹೊತ್ತು ತೋರಿಸಿದೆವು. ಎಲ್ಲ ಬಾಗಿಲು ತೆರೆದಿಟ್ಟು, ಅಂಗಳಕ್ಕೆ ನೀರು ಹೊಡೆದು. ಬೀಗದ ಮನೆಯ ವಾಸನೆ ಹೋಗಲಿಕ್ಕೆ ನಾಲ್ಕು ದಿವಸ ಮೊದಲೇ ಬಾಗಿಲು ತೆಗೆದು ಒಲೆ ಹಚ್ಚಿ ಅಡಿಗೆ ಮಾಡಿದ್ದೆವು.

ಐಬು ಮುಚ್ಚಬಾರದು. ಸೋರಿದ ಜಾಗದ ಕಲೆಯ ಮೇಲೆ ಸುಣ್ಣ ಬಳಿಯುವ ಮುಂಚೆ ನಾನು ಗಿರಾಕಿಗೆ ತೋರಿಸಿದೆ. "ಇಲ್ಲಿ ಸೋರತಿತ್ತು, ಮ್ಯಾಲ ಹಿಂಗ ಮಾಡಿಸೇನಿ, ಹತ್ತಿ ನೋಡ್ರಿ" ಎಂದೆ. ಹಗೇವು ಎಲ್ಲಿದೆ ಎಂದೂ ಹೇಳಿದೆ. ಅಂಗಳದ ಕೆಳಗೆ ಹಗೇವು ಇರುವುದು ಗೊತ್ತಿಲ್ಲದೆ ಮೇಲೆ ಗೋಡೆ ಎಬ್ಬಿಸಿದರೆ ಕುಸಿಯುತ್ತದೆ. ಒಂದು ಎಚ್ಚರಿಕೆ: ಬಹಳ ವರ್ಷ ಮುಚ್ಚಿದ ಹಗೇವಿನಲ್ಲಿ ತೋರಿಸಲಿಕ್ಕೆಂದು ಯಾರನ್ನೂ ಇಳಿಸಬೇಡಿ. ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಐಬು ನಾವೇ ಹೇಳಿದರೆ ಉಳಿದ ಮಾತನ್ನೂ ನಂಬುತ್ತಾರೆ. ಅವರೇ ಕಂಡುಹಿಡಿದರೆ ಉಳಿದದ್ದೆಲ್ಲ ಸುಳ್ಳಿರಬೇಕು ಎಂದುಕೊಳ್ಳುತ್ತಾರೆ.

ಕಾಗದವೇ ಮನೆಯ ತಲೆಬಾಗಿಲು

ಮಾಸ್ತರರು ಕೇಳಿದ್ದ ಕಾಗದ ನನ್ನ ಹತ್ತಿರ ಇರಲಿಲ್ಲ. ಉತಾರ ಅಪ್ಪನ ಹೆಸರಿನಲ್ಲೇ ಇತ್ತು. ಈಗ ಪಂಚಾಯಿತಿ ಹದ್ದಿನ ಮನೆ ಮಾರಬೇಕಾದರೆ ಇ-ಸ್ವತ್ತಿನ ಉತಾರ ಬೇಕು. ಅದಿಲ್ಲದೆ ಖರೀದಿ ಮುಂದೆ ಹೋಗುವುದಿಲ್ಲ, ಬ್ಯಾಂಕಿನವರು ಕೊಳ್ಳುವವನಿಗೆ ಸಾಲ ಕೊಡುವುದಿಲ್ಲ. ವಾರಸಾ ಮಾಡಿಸಿ, ತೆರಿಗೆ ತುಂಬಿ, ಅಳತೆ ಮಾಡಿಸಿ ಉತಾರ ಕೈಗೆ ಬರಲು ನನಗೆ ಐದು ತಿಂಗಳು ಹಿಡಿಯಿತು. ಗಿರಾಕಿ ಬಂದ ಮೇಲೆ ಓಡಾಡಿದರೆ ಐದು ತಿಂಗಳು ಯಾರು ಕಾಯುತ್ತಾರೆ? ಗೋಡೆಗೆ ಬಣ್ಣದಲ್ಲಿ ಬರೆಸುವ ಮುಂಚೆ ಕಾಗದ ಮಾಡಿಸಿ.

ಇನ್ನು ಅಕ್ಕ-ತಂಗಿಯರ ವಿಷಯ. ಇದನ್ನು ನಾವು ಗಂಡಸರು ಬಾಯಿ ಬಿಡುವುದಿಲ್ಲ. ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ನಮ್ಮ ರಾಜ್ಯದಲ್ಲಿ 1994ರಲ್ಲೇ ತಿದ್ದುಪಡಿ ಆಗಿತ್ತು. 2005ರಲ್ಲಿ ಇಡೀ ದೇಶಕ್ಕೆ ಆಯಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಗಟ್ಟಿ ಮಾಡಿತು. ಅವರ ಸಹಿ ಇಲ್ಲದ ಮನೆಯನ್ನು ಬುದ್ಧಿ ಇದ್ದವ ಕೊಳ್ಳುವುದಿಲ್ಲ. ನಾನು ನಾಲ್ಕು ವರ್ಷ ಅಕ್ಕ-ತಂಗಿಗೆ ಹೇಳಿರಲಿಲ್ಲ, ಕೇಳಿದರೆ ಪಾಲು ಕೇಳುತ್ತಾರೆ ಎಂಬ ಅಂಜಿಕೆ. ಕಡೆಗೆ ಹೋಗಿ ಹೇಳಿದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ "ತಮ್ಮಾ, ಹೊಲ ಮಾರೂ ಮುಂದ ಯಾಕ ಹೇಳಲಿಲ್ಲ? ಮನಿಗೆ ಆವತ್ತ ಸಹಿ ಹಾಕತಿದ್ದೆ" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆ ಮಾರಿದ ಮೇಲೆ ಇಬ್ಬರಿಗೂ 50 ಸಾವಿರದಂತೆ ಕೊಟ್ಟೆ. ಅದು ಅವರ ಪಾಲಿಗೆ ಸಮ ಅಲ್ಲ ಎಂದು ನನಗೂ ಗೊತ್ತು. ಅಕ್ಕ ಅಡಿಗೆ ಮನೆಯ ಬೀಸುವ ಕಲ್ಲು ಕೇಳಿ ಒಯ್ದಳು.

ಮುಳುಗಡೆಯ ಆಸೆ ಮೇಲೆ ಬೆಲೆ ಕಟ್ಟಬೇಡಿ

ನಮ್ಮ ಭಾಗದ ಮನೆಗೆ ಇನ್ನೊಂದು ತೊಡಕಿದೆ. ಆಲಮಟ್ಟಿಯ ಹಿನ್ನೀರು. ಹಳೆ ಬಾಗಲಕೋಟೆಯ ಒಂದು ಭಾಗ ಮುಳುಗಿ ನವನಗರ ಎದ್ದದ್ದನ್ನು ನೋಡಿದ ಜನ ನಾವು. ಆಣೆಕಟ್ಟೆಯ ನೀರು ಈಗ 519.60 ಮೀಟರಿಗೆ ನಿಲ್ಲುತ್ತದೆ. 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಅಂದಿನಿಂದ ಹೊಳೆ ದಂಡೆಯ ಊರುಗಳಲ್ಲಿ ಕೊಳ್ಳುವವ "ಮುಳುಗೂ ಮನಿ ಯಾಕ?" ಎನ್ನುತ್ತಾನೆ, ಮಾರುವವ "ಪರಿಹಾರ ಬರತೈತಿ, ಕಡಿಮಿಗೆ ಯಾಕ?" ಎನ್ನುತ್ತಾನೆ. ಇಬ್ಬರ ನಡುವೆ ಮನೆ ಹಾಳಾಗುತ್ತದೆ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ನಿಶ್ಚಯಿಸಿದ ಮೇಲೆ ಕಟ್ಟೆಯ ಮೇಲಿನ ಮಾತು ಇನ್ನೂ ಏರಿದೆ. ಹೊಳೆಯಿಂದ ದೂರ ಇರುವವರೂ ಆ ಅಂಕಿಯನ್ನು ತಮ್ಮ ಮನೆಗೆ ಹಚ್ಚುತ್ತಾರೆ. ಅದು ಹೊಲದ ದರ. ಮನೆಯದು ಬೇರೆ ಲೆಕ್ಕ. ಕಟ್ಟಡದ ಬೆಲೆಯನ್ನು ಇಂಜಿನಿಯರರ ಕಡೆಯಿಂದ ಕಟ್ಟಿಸಬೇಕೆಂದು 2013ರ ಭೂಸ್ವಾಧೀನ ಕಾನೂನಿನಲ್ಲೇ ಇದೆ. ಅವರ ಟೇಪಿಗೆ ಗೋಡೆ ಸಿಗುತ್ತದೆ, ಅಪ್ಪನ ಕಷ್ಟ ಸಿಗುವುದಿಲ್ಲ. ನಿಮ್ಮ ಮನೆ ಯಾದಿಯಲ್ಲಿದ್ದರೆ ಕಾಯುವುದು ನಿಮ್ಮ ವಿಚಾರ. ಆದರೆ ಕಾಯುವವರು ಮಾಳಿಗೆಗೆ ವರ್ಷಾ ವರ್ಷ ಮಣ್ಣು ಹಾಕಿ ಕಾಯಬೇಕು. ತಲೆ ಮೇಲೆ ಬಡ್ಡಿ ಸಾಲ ಇಟ್ಟುಕೊಂಡು ಕಾಯುವ ಬಾಬು ಇದಲ್ಲ.

ಯಾರಿಗೆ ಬೇಕು ಈ ಮನೆ?

ಮನೆಯ ಬೆಲೆ ಗೋಡೆಯೊಳಗೆ ಕುಳಿತಿರುವುದಿಲ್ಲ, ಅದು ಯಾರಿಗೆ ಉಪಯೋಗಕ್ಕೆ ಬರುತ್ತದೆ ಎಂಬುದರ ಮೇಲಿದೆ. ನಮ್ಮ ಕಲಾದಗಿ ಇಂಗ್ಲಿಷರ ಕಾಲದಲ್ಲಿ ಜಿಲ್ಲಾ ಕೇಂದ್ರ ಆಗಿತ್ತು. 1885ರಲ್ಲಿ ಕಚೇರಿ ವಿಜಾಪುರಕ್ಕೆ ಹೋಯಿತು. ಸಾಹೇಬರು ಹೋದ ಊರಲ್ಲಿ ಸಾಹೇಬರ ಬಂಗಲೆಗೆ ಗಿರಾಕಿ ಎಲ್ಲಿಂದ ಬರಬೇಕು? 2009ರ ನೆರೆ ಆದ ಮೇಲೆ ಸರಕಾರ, ದಾನಿಗಳು ಕೂಡಿ ಕಟ್ಟಿಸಿದ ಆಸರೆ ಮನೆಗಳು ನಮ್ಮ ಉತ್ತರ ಕರ್ನಾಟಕದಲ್ಲಿ ಎಷ್ಟೋ ಕಡೆ ಖಾಲಿ ಉಳಿದವು. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ. ಪುಕ್ಕಟೆ ಕೊಟ್ಟರೂ ಬಾಳುವೆಗೆ ಹೊಂದದ ಮನೆಗೆ ಜನ ಹೋಗಲಿಲ್ಲ. ಹಾಗಿದ್ದ ಮೇಲೆ ರೊಕ್ಕ ಕೊಟ್ಟು ಕೊಳ್ಳುವವ ತನಗೆ ಹೊಂದುತ್ತದೆಯೇ ಎಂದು ನೋಡುವುದು ತಪ್ಪೇ?

ನಾನು ಮೊದಲು ನೌಕರಿಯವರನ್ನೇ ಹುಡುಕುತ್ತಿದ್ದೆ. ಅವರಿಗೆ ಈಗ ನವನಗರ ಬೇಕು. ಆಮೇಲೆ ವಿಚಾರ ಮಾಡಿದೆ. ಶಾಲೆ ಹತ್ತಿರ, ಬಸ್‌ಸ್ಟ್ಯಾಂಡು ಹತ್ತಿರ, ಎಮ್ಮೆ ಕಟ್ಟಲು ಜಾಗ ಇದೆ. ಇದು ಬೇಕಾದದ್ದು ಮಕ್ಕಳನ್ನು ಓದಿಸಲು ಹಳ್ಳಿಯಿಂದ ಬರುವ ರೈತನಿಗೆ. ಶಾಲೆಯ ಹತ್ತಿರ, ಹಾಲಿನ ಡೇರಿಯ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ ಹೇಳಿಟ್ಟೆ. ಏಳನೇ ವಾರಕ್ಕೆ ಹತ್ತು ಮೈಲಿ ಆಚೆಯ ಹಳ್ಳಿಯ ಕುಟುಂಬ ಬಂತು. ಎರಡು ಎಮ್ಮೆ, ಮೂರು ಮಕ್ಕಳು. 50 ಸಾವಿರ ಸಂಚಕಾರ, ಮೂರು ತಿಂಗಳ ವಾಯಿದೆ. 2021ರಲ್ಲಿ ಖರೀದಿ ಆಯಿತು. ಕೊಳ್ಳುವವನಿಗೆ ಮುದ್ರಾಂಕ, ನೋಂದಣಿ ಖರ್ಚೂ ಇರುತ್ತದೆ ಎಂದು ನಾವು ಮರೆಯಬಾರದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದು 2 ಆಗಿದೆ. ಅವನು ಅದನ್ನೂ ಎಣಿಸಿಯೇ ನಮ್ಮ ಬೆಲೆ ಕೇಳುತ್ತಾನೆ.

ಕೊನೆಯ ಲೆಕ್ಕ

ಈಗ ನನ್ನ ಹಟಕ್ಕೆ ಎಷ್ಟು ತೆತ್ತೆ ಎಂದು ನೋಡಿ. 2016ರಲ್ಲಿ 6 ಲಕ್ಷ 50 ಸಾವಿರಕ್ಕೆ ಕೊಟ್ಟಿದ್ದರೆ ಸಾಲ 3 ಲಕ್ಷ ತೀರಿ 3 ಲಕ್ಷ 50 ಸಾವಿರ ಉಳಿಯುತ್ತಿತ್ತು, ಹೊಲವೂ ಉಳಿಯುತ್ತಿತ್ತು. ಆದದ್ದು ಹೀಗೆ: ಹೊಲದಿಂದ 5 ಲಕ್ಷ 25 ಸಾವಿರ, ಮನೆಯಿಂದ 5 ಲಕ್ಷ 60 ಸಾವಿರ, ಒಟ್ಟು 10 ಲಕ್ಷ 85 ಸಾವಿರ. ಅದರಲ್ಲಿ ಸಾಲ-ಬಡ್ಡಿ 5 ಲಕ್ಷ 16 ಸಾವಿರ, ರಿಪೇರಿ 48 ಸಾವಿರ ಹೋಗಿ ಉಳಿದದ್ದು 5 ಲಕ್ಷ 21 ಸಾವಿರ. ಅಕ್ಕ-ತಂಗಿಗೆ ಕೊಡುವುದು ಎರಡೂ ಲೆಕ್ಕದಲ್ಲಿ ಒಂದೇ. ಅಂದರೆ ಕೈಗೆ ಹೆಚ್ಚು ಬಂದದ್ದು 1 ಲಕ್ಷ 71 ಸಾವಿರ. ನನ್ನ ಒಂದು ಎಕರೆ ಎರೆ ಹೊಲ ಅಷ್ಟಕ್ಕೆ ಹೋಯಿತು. ಇವತ್ತು ಅದರ ಬದುವಿನ ಮೇಲೆ ನಿಂತು ಬೇರೆಯವರ ಜೋಳ ನೋಡುತ್ತೇನೆ.

"ಹಿರೇರ ಮನಿ, ಬಂದಷ್ಟಕ್ಕ ಕೊಡಾಕ ಬರತೈತೇನು?" ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಬಾಳುತ್ತಿದ್ದರೆ, ಸಾಲ ಇಲ್ಲದಿದ್ದರೆ ಖಂಡಿತ ಮಾರಬೇಡಿ. ಬೀಗ ಹಾಕಿ ಸಾಲಕ್ಕೆ ಬಡ್ಡಿ ಕಟ್ಟುತ್ತಿದ್ದರೆ ಮಾತು ಬೇರೆ. ಇನ್ನು ಕೆಲವರು "ಕಾದರ ಬೆಲಿ ಏರತೈತಿ" ಎನ್ನುತ್ತಾರೆ. ಜಾಗದ ಬೆಲೆ ಏರಬಹುದು. ಆದರೆ ಒಲೆ ಹೊತ್ತದ ಮಣ್ಣಿನ ಮನೆ ಪ್ರತಿ ಮಳೆಗಾಲಕ್ಕೆ ಇಳಿಯುತ್ತದೆ, ಬಡ್ಡಿ ಪ್ರತಿ ತಿಂಗಳು ಏರುತ್ತದೆ. ಹೊಲ ಪಾಳು ಬಿದ್ದರೂ ಹೊಲವೇ, ಒಂದು ಮಳೆಗೆ ಮತ್ತೆ ಹಸಿರಾಗುತ್ತದೆ. ಮನೆ ಪಾಳು ಬಿದ್ದರೆ ಮಣ್ಣಿನ ದಿಬ್ಬ.

ನಮ್ಮ ಓಣಿಯ ಕಾಕಾ ಅವರಿಗೂ ಇಷ್ಟನ್ನೆಲ್ಲ ಹೇಳಿದೆ. ಅವರು ಕೇಳಿಕೊಂಡು, "ನೋಡೋಣ ತಮ್ಮಾ" ಎಂದರು. ಅವರಿಗೂ ನಾಲ್ಕು ಎಕರೆ ಒಣಭೂಮಿ ಇದೆ, ಸಾಲವೂ ಇದೆ. ಇದನ್ನು ಓದಿದವರಲ್ಲಿ ಮನೆ ಮಾರಿದವರು, ಮಾರಲು ಆಗದೆ ಕುಳಿತವರು ತಮ್ಮ ಊರಲ್ಲಿ ನಿಜವಾಗಿ ನಡೆದ ಬೆಲೆಯನ್ನು ಈ ಪತ್ರಿಕೆಗೆ ಬರೆಯಿರಿ. ಜೋಳದ ದರ ಎಲ್ಲರಿಗೂ ಗೊತ್ತಿರುವಂತೆ ಮನೆಯ ದರವೂ ಗೊತ್ತಾದರೆ, ನಮ್ಮಲ್ಲಿ ಕೆಲವರ ಹೊಲವಾದರೂ ಉಳಿದೀತು.